ಭಿಸ್ತಿಯ ಹಿತ್ತಲಿನ ಹೊಳೆಮತ್ತಿ

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಇನ್ನೂ ಕೋಳಿ ಕೂಗಿಲ್ಲ. ಮನೆಮನೆಗೆ ನೀರು ಹೊರುವ ಭಿಸ್ತಿ ಬಡೇಸಾಬ ಬಾವಿಯಿಂದ ಬರುತ್ತಿದ್ದಾನೆ. ಬೆನ್ನ ಮೇಲೆ ನೀರು ತುಂಬಿದ ತೊಗಲಿನ ಮಶಕ, ಅದರ ಭಾರಕ್ಕೆ ಬಾಗಿದ ಸೊಂಟ. ದಿನದ ಮೊದಲ ಮಶಕ ಯಾರ ಹಂಡೆಗೂ ಹೋಗುವುದಿಲ್ಲ, ಅವನ ಹಿತ್ತಲಿಗೇ ಹೋಗುತ್ತದೆ. ಅಲ್ಲಿ ಮಾಡು ಮೀರಿ ಬೆಳೆದ ಹೊಳೆಮತ್ತಿ ಮರ. ಬುಡಕ್ಕೆ ನೀರು ಬಿಡುತ್ತಾನೆ. ಮೇಲೆ ನೋಡುವುದಿಲ್ಲ. ನೋಡಿದರೆ ಹಳದಿಗಟ್ಟಿದ ಎಲೆಗಳು ಕಾಣುತ್ತವೆ.

"ರೂಢಿ ಬಿಡವಲ್ದು, ಹಾಕತೇನ್ರಿ," ಎನ್ನುತ್ತಾನೆ. "ಗಂಟಲಾ ಕೊಯ್ದ ಕೂಸಿಗೆ ಹಾಲ ಕುಡಿಸಿಧಂಗ ಐತಿ ಇದು."

ಹೊಳೆಯ ದಂಡೆಯಲ್ಲಿ ನೀರಿಗೆ ಬೇರು ಬಿಟ್ಟು ಬೆಳೆಯುವ ಮರ. ಬೇಸಿಗೆ ಬಂದರೆ ಕೊಡ ನೀರಿಗೆ ಜಗಳಾಡುವ ಈ ಊರಿನಲ್ಲಿ ಅದಕ್ಕೇನು ಕೆಲಸ? ಬಡೇಸಾಬನ ಹೆಂಡತಿ ಗುಲ್ಜಾರಬಿ ಮಲಪ್ರಭೆಯ ದಂಡೆಯವಳು. ತೊಗಲು ಹದ ಮಾಡುತ್ತಿದ್ದ ಅವಳ ತಂದೆ, ಮಗಳನ್ನು ಕಳಿಸುವಾಗ ಒಂದು ಸಸಿಯನ್ನು ಹಸಿ ಗೋಣಿತಟ್ಟಿನಲ್ಲಿ ಸುತ್ತಿ ಕೊಟ್ಟನಂತೆ. ಮತ್ತಿಯ ತೊಗಟೆ ಕುದಿಸಿದ ನೀರಿನಲ್ಲಿ ನೆನೆಸಿದರೆ ಮಶಕ ಕೊಳೆಯುವುದಿಲ್ಲ. ಅಳಿಯನ ಹೊಟ್ಟೆಪಾಡಿಗೆ ಮಾವ ಕೊಟ್ಟ ಬಳುವಳಿ ಅದು. ಸುತ್ತಲೂ ತೊಗಟೆ ಹೋದರೆ ಮರ ಉಳಿಯುವುದಿಲ್ಲ, ಒಂದು ಮಗ್ಗಲು ಕೆತ್ತಿದರೆ ಅದು ಮಾಯುವ ತನಕ ಇನ್ನೊಂದು ಮಗ್ಗಲು ಮುಟ್ಟಬೇಡ ಎಂದೂ ಹೇಳಿದ್ದ. ಪ್ಲೇಗಿಗೆ ಹೆದರಿ ಊರೆಲ್ಲ ಹೊಲದಲ್ಲಿ ಗುಡಿಸಲು ಹಾಕಿದ್ದಾಗಲೂ ಬಡೇಸಾಬ ಒಬ್ಬನೇ ಓಣಿಗೆ ಬಂದು ಸಸಿಗೆ ನೀರು ಹಾಕಿ ಹೋಗುತ್ತಿದ್ದ.

ಈಗ ಓಣಿಗೆ ನಳ ಬಂದಿದೆ. ಮಶಕದ ನೀರು ಕೊಳ್ಳುವ ಮನೆಗಳು ಬೆರಳೆಣಿಕೆಗೆ ಇಳಿದಿವೆ. ಮೇಲೆ ಈ ಲಡಾಯಿ, ಹಡಗಿನ ಸರಕು ಬರುವುದು ನಿಂತಿದೆ. ಔಷಧದ ಬಾಟಲಿ ಕಣ್ಣಿಗೂ ಬೀಳದಾದಾಗ, ಮತ್ತಿಯ ತೊಗಟೆಯ ಕಷಾಯ ಎದೆನೋವಿಗೆ ಒಳ್ಳೆಯದೆಂದು ಪೇಟೆಯಲ್ಲಿ ಯಾರೋ ಅಂದರು. ಜನ ಭಿಸ್ತಿಯ ಮನೆ ಹುಡುಕಿಕೊಂಡು ಬಂದರು.

ಆ ಮನೆತನದಲ್ಲಿ ಒಂದು ನಡಾವಳಿ ಉಂಟು. ಕರ್ಬಲಾದ ಬಯಲಿನಲ್ಲಿ ನೀರಿಲ್ಲದೆ ಸತ್ತವರ ನೆನಪಿಗೆ, ಭಿಸ್ತಿಯಾದವನು ಕೇಳಿದವರಿಗೆ ಇಲ್ಲ ಎನ್ನಬಾರದು. ಆ ಮಾತು ನೀರಿಗಷ್ಟೇ ಹೇಳಿದ್ದು. ಬಡೇಸಾಬ ಅದನ್ನು ತೊಗಟೆಗೂ ಹಿಡಿದ.

ನಸುಕಿನಲ್ಲಿ ಗಂಡಸರು ಬರುವರು. ಅವನು ಮೂಡಲ ಮಗ್ಗಲಿನಿಂದ ಕೆತ್ತಿ ಕೊಡುವನು. ಗಾಯಕ್ಕೆ ಸಗಣಿ ಮಣ್ಣು ಮೆತ್ತುವನು. ಗುಲ್ಜಾರಬಿ ಒಲೆಯ ಮುಂದಿನಿಂದಲೇ ಒದರುವಳು: "ನಿಮ್ಮ ಬಾಯಾಗ ಇಲ್ಲ ಅನ್ನೂ ಮಾತ ಹುಟ್ಟಿಲ್ಲೇನ್ರಿ? ನಾಳೆ ಮನೀ ಗ್ವಾಡಿ ಕೇಳಿದ್ರೂ ಕಿತ್ತು ಕೊಡ್ತೀರಿ!"

ಅವನು ನೀರಿಗೆ ಹೋದ ಮೇಲೆ ಹಿತ್ತಲ ಬಾಗಿಲಿಗೆ ಹೆಂಗಸರು ಬರುವರು. ಗುಲ್ಜಾರಬಿ ಪಡುವಣ ಮಗ್ಗಲಿನಿಂದ ಕೆತ್ತುವಳು. ಅವಳೂ ಮಣ್ಣು ಮೆತ್ತುವಳು, ಗಂಡನಿಗೆ ಕಾಣಬಾರದೆಂದು ತುಸು ಹೆಚ್ಚೇ.

"ಓಣ್ಯಾಗಿನ ಫಕೀರವ್ವ ಗಂಡನ ಎದಿನೋವಿನ ಸಲುವಾಗಿ ಸೆರಗ ಒಡ್ಡಿ ನಿಂತ್ಲ್ರಿ," ಎನ್ನುತ್ತಾಳೆ ಈಗ. "ಮುಂಜಾನಿ ಇವರನ್ನ ಬೈದ ಬಾಯಿಲೆ, ಮಧ್ಯಾಹ್ನ ಆಕೀಗೆ ಹೆಂಗ ಒಲ್ಲೆ ಅನ್ನಲಿ? ಮೂಡಲ ಮಗ್ಗಲಾ ಹೋದ್ರ ಹೋಗಲಿ, ಪಡುವಲಾ ನನ್ನ ಕೈಯಾಗ ಐತೆಲ್ಲಾ ಅಂದ್ಕೊಂಡಿದ್ದೆ." ಇತ್ತ ಬಡೇಸಾಬನೂ ಪಡುವಲು ಗಟ್ಟಿ ಇದೆ ಎಂದೇ ನಂಬಿದ್ದ.

ಮುಂಗಾರಿನ ಮಿರಗದ ಮೊದಲ ಮಳೆ ಒಂದೇ ಸಂಜೆಯಲ್ಲಿ ಮಣ್ಣೆಲ್ಲ ತೊಳೆಯಿತು. ಬೆಳಗ್ಗೆ ಮಶಕ ಹೊತ್ತು ಬಂದವನಿಗೆ ಮರದ ಸುತ್ತ ಬೋಳು ಕಟ್ಟಿಗೆಯ ಉಂಗುರ ಕಂಡಿತು. ಎಲ್ಲಿಯೂ ಒಂದು ಎಳೆ ತೊಗಟೆ ಉಳಿದಿರಲಿಲ್ಲ. ಗುಲ್ಜಾರಬಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಮೆತ್ತಲು ಕಲಸಿದ ಸಗಣಿ ಮಣ್ಣಿತ್ತು.

ಫಕೀರವ್ವನ ಗಂಡ ಆಷಾಢದಲ್ಲಿ ತೀರಿಕೊಂಡ. ಮರ ಮೇಲಿನಿಂದ ಒಣಗುತ್ತ ಬರುತ್ತಿದೆ. ಕಟ್ಟಿಗೆ ಮಾರುವ ಅಡ್ಡೆಯ ಕುಬೇರಪ್ಪ ಮರ ಕೊಳ್ಳಲೆಂದು ಈಗಲೇ ಬಂದು ಬೊಡ್ಡೆ ತಬ್ಬಿ ನೋಡಿ ಹೋಗಿದ್ದಾನೆ. ಅವನಿಗೂ ಬಡೇಸಾಬ ಇಲ್ಲ ಎಂದಿಲ್ಲ.

ಏನು ಆಸೆ ಉಳಿದಿದೆ ಎಂದರೆ ಬೊಡ್ಡೆಯ ಬೋಳು ಉಂಗುರ ಸವರುತ್ತಾನೆ. "ಬ್ಯಾಸಿಗಿ ತನಾ ಜೀವಾ ಹಿಡದು ಒಂದ ಕಾಯಿ ಕೊಟ್ರ ಸಾಕ್ರಿ. ಊರಿ ಸಸಿ ಮಾಡತೇನಿ."

"ಅದನ್ನೂ ಯಾರರ ಬಂದು ಕೇಳ್ತಾರ," ಎನ್ನುತ್ತಾಳೆ ಗುಲ್ಜಾರಬಿ. ದನಿಯಲ್ಲಿ ಮೊದಲಿನ ಸಿಟ್ಟಿಲ್ಲ. "ನಾವೂ ಕೊಡ್ತೇವಿ."

ಬಡೇಸಾಬ ಮಶಕದ ತಳ ಎತ್ತಿ, ಉಳಿದ ನೀರನ್ನೂ ಬುಡಕ್ಕೆ ಬಿಡುತ್ತಾನೆ.