ಹೊನ್ನಮ್ಮನ ಸನ್ಮಾನ

ಬೆಳಿಗ್ಗೆ ಸೊಸೆ ಪಾಯಸಕ್ಕೆ ಏಲಕ್ಕಿ ಕುಟ್ಟುತ್ತಿದ್ದಳು. ಆ ವಾಸನೆಗೆ ಎಲ್ಲರಿಗೂ ಹಬ್ಬ ನೆನಪಾಗುತ್ತದಂತೆ. ನನಗೆ ಹೊನ್ನಮ್ಮನ ಫೋಟೋ ನೆನಪಾಗುತ್ತದೆ. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ. ಹೆಚ್ಚು ಓದಿದವಳಲ್ಲ ನಾನು. ಮಾತು ಅತ್ತ ಇತ್ತ ಹೋದರೆ ನೀವೇ ಎಳೆದು ತನ್ನಿ.

ಅರಸೀಕೆರೆಯಲ್ಲಿ ಕಾಲೇಜಿನ ಹಿಂದಿನ ಬೀದಿ ನಮ್ಮದು. ಅಲ್ಲಿ ಹೆಂಗಸರ ಸಂಘ ಕಟ್ಟಿದವಳು ಹೊನ್ನಮ್ಮ. ಮೀಟಿಂಗಿಗೆ ದಿನ ಗೊತ್ತುಮಾಡಲು ಮನೆಮನೆ ಬಾಗಿಲಿಗೆ ಹೋಗಿ, ಗುರುವಾರ ಆಗುತ್ತದೇನೇ ಅಂತ ಕೇಳುವಳು. ಒಬ್ಬಳಿಗೆ ರಾಗಿ ಒಕ್ಕಣೆ, ಇನ್ನೊಬ್ಬಳ ಮಗಳು ಬಾಣಾವರದಿಂದ ಬರುತ್ತಾಳೆ ಅಂದರೆ ಗುರುವಾರ ಹೋಯಿತು. ಮತ್ತೆ ಮೊದಲ ಮನೆಯಿಂದ ಶುರು. ಅವಳು ಬರುವುದು ಕಂಡರೆ ನಾನು ಬಚ್ಚಲು ಸೇರಿಕೊಳ್ಳುತ್ತಿದ್ದೆ. ಬಚ್ಚಲ ಬಾಗಿಲು ತಟ್ಟಿಯೂ ಕೇಳಿದ್ದಾಳೆ. ಕಾಲೇಜಿನ ಹಳೇ ಮೀಟಿಂಗ್ ಹಾಲ್‌ನಲ್ಲಿ ಜಮಖಾನ ಹಾಸಿ, ಎಲ್ಲರನ್ನೂ ಕೂರಿಸಿ, ತಾನು ಮಾತ್ರ ಹಿಂದೆ ಬಾಗಿಲ ಹತ್ತಿರ ನಿಲ್ಲುವಳು.

ಆಮೇಲೆ ಕಾಲೇಜಿನಲ್ಲಿ ಪಾಠ ಹೇಳುವ ಸುಮಾ ಅಧ್ಯಕ್ಷೆಯಾದಳು. ಒಳ್ಳೆಯ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ಹೊನ್ನಮ್ಮನಿಗೆ ಸನ್ಮಾನ ಮಾಡಬೇಕು ಅಂದವಳೂ ಅವಳೇ. ಅಷ್ಟರಲ್ಲಿ ಹೊನ್ನಮ್ಮನ ಹೊಟ್ಟೆಯಲ್ಲಿ ಗಡ್ಡೆ. ಬಹಳ ದಿನ ಇಲ್ಲ ಅಂತ ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ನೋಡಲು ಹೋದಾಗ ನನ್ನ ಹತ್ತಿರ ಹೇಳಿದಳು:

"ಒಂದ್ಸಲ ಮೇಲ್ಗಡೆ ಕುರ್ಚೀಲಿ ಕೂತ್ಕಂಡು ನಿಮ್ಮ ಮಕ ನೋಡ್ಬೇಕು ಕಣೇ. ಇಷ್ಟು ವರ್ಸ ಹಿಂದ್ಗಡೆ ನಿಂತು ಬರೀ ತುರುಬೇ ನೋಡಿದೀನಿ."

"ನನ್ನ ತುರುಬಲ್ಲೇನೈತೆ, ಇಲಿ ಬಾಲ," ಅಂದೆ. ನಕ್ಕಳು. ನಗುವುದಕ್ಕೂ ಹೊಟ್ಟೆ ಹಿಡಿದುಕೊಳ್ಳಬೇಕಾಯಿತು.

ಸನ್ಮಾನ ಅಂದಮೇಲೆ ಶಾಲು ಹೊದಿಸಲು ದೊಡ್ಡವರು ಬೇಕಲ್ಲ. ಹಾಸನದ ಒಬ್ಬರನ್ನು ಅತಿಥಿಗಳಾಗಿ ಬರಲು ಒಪ್ಪಿಸಿದರು. ಶಾಲು ಬಂತು, ಏಲಕ್ಕಿ ಹಾರ ಬಂತು. ಅತಿಥಿಗಳಿಗೆ ಆ ವಾರ ಆಗಲಿಲ್ಲ. ಮುಂದಿನ ತಿಂಗಳು ಅಂದರು. ಮುಂದಿನ ತಿಂಗಳು ಗೊತ್ತುಮಾಡಿದ ದಿನವೂ ಅವರಿಗೆ ಬೇಲೂರಿನಲ್ಲಿ ಬೇರೆ ಕಾರ್ಯಕ್ರಮ. ಯಾರೂ ಬೇಡ, ನಾವೇ ಹೊದಿಸೋಣ ಅಂತ ನಾನು ಸುಮಾಗೆ ಹೇಳಿದೆ.

"ಬರೀ ನಾವೇ ಮಾಡಿದ್ರೆ ಹೊನ್ನಮ್ಮೋರಿಗೆ ಕಮ್ಮಿ ಆಗುತ್ತೆ ಅಜ್ಜಿ," ಅಂದಳು. ನಿಜವಾಗಿಯೂ ಹಾಗೇ ನಂಬಿದ್ದಳು.

ಹೊನ್ನಮ್ಮ ಹೋದಳು. ನುಡಿನಮನಕ್ಕೆ ಅತಿಥಿಗಳು ಕರೆದ ದಿನವೇ ಬಂದರು. ಸಾವಿನ ಸಭೆಗೆ ಬರುವುದಿಲ್ಲ ಅನ್ನುವವರು ನಮ್ಮಲ್ಲಿ ಇಲ್ಲ. ಅದೇ ಹಾಲ್‌ನಲ್ಲಿ, ವೇದಿಕೆ ಮೇಲೆ ಹಾಕಿದ್ದ ಕುರ್ಚಿಯಲ್ಲಿ ಅವಳ ಫೋಟೋ ಇಟ್ಟು, ಅದೇ ಏಲಕ್ಕಿ ಹಾರ ಹಾಕಿದರು. ಏಲಕ್ಕಿ ಬಾಡುವುದಿಲ್ಲ ನೋಡಿ. ಹಾಲ್ ತುಂಬ ಘಮಘಮ ಅನ್ನುತ್ತಿತ್ತು. ಅತ್ತವರು ಅತ್ತರು. ನಾನು ಸೆರಗು ಸರಿಮಾಡಿಕೊಂಡು, ಫೋಟೋಗೆ ನನ್ನ ಮುಖ ಕಾಣುವ ಹಾಗೆ ನೆಟ್ಟಗೆ ಕೂತೆ.

ಇವತ್ತು ಸೊಸೆ ಮಾಡಿದ ಪಾಯಸ ಕುಡಿದು ಕೂತಿರುವಾಗ ಸುಮಾ ಬಂದಳು. ಈ ಸಲ ಸನ್ಮಾನ ನನಗಂತೆ. ಯಾವತ್ತು ಅಂದೆ. ಅತಿಥಿಗಳನ್ನು ಕೇಳಿ ಹೇಳುತ್ತೇನೆ ಅಂದಳು. ನನಗೆ ಬೇಡ ಅಂದೆ. ಅವಳ ಮುಖ ಸಣ್ಣಗಾಯಿತು. ಮತ್ತೆ ಏನು ಮಾಡಲಿ ಅಂತ ಕೇಳಿದಳು.

"ಸಂಘದ ನಿಂಗಮ್ಮ ಹಾಸಿಗೆ ಹಿಡಿದವ್ಳೆ. ನೋಡ್ಕಂಡು ಬರಾನ, ಏಳು."

"ಈಗ್ಲಾ ಅಜ್ಜಿ?"

"ಇನ್ಯಾವಾಗ?"

ಹೋದೆವು. ನಿಂಗಮ್ಮ ನನ್ನನ್ನು ಬಹಳ ಹೊತ್ತು ನೋಡಿ, ಯಾರು ಅಂದಳು. ಒಟ್ಟಿಗೆ ಮುದುಕಿಯರಾದವರು ನಾವು. ಹೇಳಿದರೂ ತಿಳಿಯಲಿಲ್ಲ, ಇಲ್ಲಿಗೂ ತಡವಾಗಿಯೇ ಬಂದಿದ್ದೆವು. ಸುಮಾ ಮಂಚದ ಹತ್ತಿರ ಬಗ್ಗಿ ತನ್ನ ಹೆಸರು ಹೇಳಿದಳು. ನಿಂಗಮ್ಮ ಮತ್ತೆ, ಯಾರು ಅಂದಳು. ಸುಮಾ ನೆಲದ ಮೇಲೆ ಕೂತು, ಅವಳ ಕೈ ಹಿಡಿದು, ಮತ್ತೆ ಹೇಳಿದಳು.