ಹುಳದ ತಟ್ಟೆಗೆ ಬಿದ್ದ ಖಾಲಿ ಅಂಗಿ

ಮೊನ್ನೆ ಕೊರಿಯರ್‌ನವನು ಕೊಟ್ಟುಹೋದ ದಪ್ಪ ಪುಸ್ತಕ ಬಿಚ್ಚಿ ಮೊದಲು ಮೂಸಿದೆ. ಹೊಸ ಮಸಿಯ ವಾಸನೆ. ನಾನು ಹುಡುಗಿಯಾಗಿದ್ದಾಗ ಬಿಡಿಬಿಡಿಯಾಗಿ ಬರುತ್ತಿದ್ದ ‘ಖಾಲಿ ಅಂಗಿ’ ಕಾಮಿಕ್ಸು ಈಗ ಗಟ್ಟಿ ರಟ್ಟು ಹಾಕಿಕೊಂಡು ದೊಡ್ಡ ಮನುಷ್ಯರ ಸಾಲಿಗೆ ಸೇರಿದೆ. ಮುನ್ನುಡಿಯಲ್ಲಿ ಯಾರೋ ಪಂಡಿತರು ‘ಆಧುನಿಕ ಬದುಕಿನ ಶೂನ್ಯತೆ’ ಎಂದೆಲ್ಲ ಬರೆದಿದ್ದಾರೆ. ಬರೆಯಲಿ ಬಿಡಿ, ಪಾಪ, ಅವರಿಗೂ ಹೊಟ್ಟೆಪಾಡು.

ನೀವು ಓದಿಲ್ಲದಿದ್ದರೆ ಹೇಳುತ್ತೇನೆ. ಅದರ ಹೀರೋ ಮನುಷ್ಯನೇ ಅಲ್ಲ, ಹಗ್ಗದ ಮೇಲೆ ಒಣಗುವ ಒಂದು ತುಂಬುತೋಳಿನ ಅಂಗಿ. ಒಳಗೆ ಯಾರೂ ಇಲ್ಲ. ಊರಿನ ಮಧ್ಯಾಹ್ನಗಳನ್ನೆಲ್ಲ ನುಂಗುವ ಗಡಿಯಾರದ ಜೊತೆ ಅದರ ಹೊಡೆದಾಟ. ಸೋತರೆ ಮುದುಡಿಕೊಳ್ಳುತ್ತದೆ, ಇಸ್ತ್ರಿಯಾದ ಮೇಲೆ ಮತ್ತೆ ಹಾರುತ್ತದೆ. ತಲೆಬುಡವಿಲ್ಲದ ಕಥೆ ಎಂದು ಚಿಂತಾಮಣಿಯ ನಮ್ಮ ಮನೆಯಲ್ಲಿ ಎಲ್ಲರೂ ಬೈದರು. ತಲೆ ಇಲ್ಲದ್ದಂತೂ ನಿಜ. ನನಗೆ ಅದರ ಮೇಲೆ ಪ್ರಾಣ.

ಮದುವೆಯಾಗಿ ಜಂಗಮಕೋಟೆಯ ರೇಷ್ಮೆ ಸಾಕುವ ಮನೆಗೆ ಬಂದಾಗ ಅದರ ಕೊನೆಯ ಸಂಚಿಕೆಯನ್ನು ಓದದೆ ಜೊತೆಗೆ ತಂದಿದ್ದೆ, ಹೊಸ ಮನೆಯಲ್ಲಿ ಬೇಜಾರಾದಾಗ ಬೇಕಾಗುತ್ತದೆ ಎಂದು. ಜಾಣತನ ನೋಡಿ! ಒಂದು ದಿನ ಓದೋಣವೆಂದು ತೆಗೆದಿಟ್ಟು ಯಾವುದೋ ಕೆಲಸಕ್ಕೆ ಎದ್ದೆ. ಆಮೇಲೆ ಹುಡುಕಿದರೆ ಇಲ್ಲ. ಮಾರನೆಯ ದಿನ ರೇಷ್ಮೆಹುಳದ ತಟ್ಟೆಯ ಅಂಚಿನಲ್ಲಿ ಅಂಗಿಯ ಒಂದು ತೋಳು ಕಂಡಿತು. ಹಾಸಲು ಪೇಪರ್ ಸಾಲದೆ ಅತ್ತೆ ಅದನ್ನೇ ಹಾಳೆಹಾಳೆಯಾಗಿ ಬಿಡಿಸಿ ಹಾಸಿದ್ದರು.

ಎಳೆಯಲು ಕೈ ಚಾಚಿದೆ.

“ಮುಟ್ಬೇಡ ಕಣಮ್ಮ! ಹುಳ ಜ್ವರಕ್ಕೆ ಕೂತೈತೆ,” ಅತ್ತೆ ಗದರಿದರು.

ಜ್ವರವೆಂದರೆ ಹುಳ ಪೊರೆ ಬಿಡುವ ಹೊತ್ತು. ಆಗ ಅವುಗಳನ್ನು ಅಲುಗಿಸುವಂತಿಲ್ಲ. ಸೊಸೆಗೆ ನಿಜವಾದ ಜ್ವರ ಬಂದರೂ ಅಷ್ಟು ಮರ್ಯಾದೆ ಸಿಗುವುದಿಲ್ಲ. ಹುಳ ಏಳುವಷ್ಟರಲ್ಲಿ ಹಾಳೆಗಳು ಹುಳಕ್ಕೆ ಉದುರಿಸಿದ ಸುಣ್ಣ, ಹಿಕ್ಕೆ ಮೆತ್ತಿಕೊಂಡು ಮುದ್ದೆಯಾಗಿ ತಿಪ್ಪೆಗುಂಡಿ ಸೇರಿದವು. ನನ್ನದು ಎಂದು ಆ ಮನೆಯಲ್ಲಿದ್ದದ್ದು ಅದೊಂದೇ. ತವರಿಗೆ ಹೊರಟೇಬಿಡೋಣವೆಂದು ಅಳುತ್ತಾ ಬ್ಯಾಗಿಗೆ ಸೀರೆ ತುರುಕಿದೆ.

“ಅಯ್ಯೋ ನಾ ತಲ್ಲಿ, ನನ್ನಮ್ಮ, ಒಂದು ಅಂಗಿಗೆ ಇಷ್ಟು ಅಳ್ತಾರಾ?” ಎಂದು ಅತ್ತೆ ಪಕ್ಕದಲ್ಲಿ ಕೂತರು. “ಹಾಸುವಾಗ ಚಿತ್ರ ನೋಡ್ದೆ. ಒಳಗೆ ಯಾರೂ ಇಲ್ದೆ ಊರು ಕಾಯ್ತದೆ, ಥೇಟ್ ನಮ್ಮ ಪಂಚಾಯ್ತಿ ಮೆಂಬರ್ರೇ!” ಆಮೇಲೆ ದನಿ ತಗ್ಗಿಸಿದರು. “ಕೊನೇಲಿ ಒಬ್ಬಳು ಹೆಂಗಸು ಬಂದು ಆ ಅಂಗೀನ ಹಾಕ್ಕೊಂಡ್ಲು ಕಣಮ್ಮ. ಅಳತೆ ಕೊಟ್ಟು ಹೊಲಿಸ್ದಂಗೆ ಸರಿಹೋಯ್ತು.”

ಎಷ್ಟು ಚೆಂದದ ಮುಕ್ತಾಯ! ನನಗೆ ನಗುವೇ ಬಂತು. ಸೀರೆಗಳನ್ನು ಮತ್ತೆ ಬೀರುವಿಗೆ ಜೋಡಿಸಿದೆ. ಇಷ್ಟು ವರ್ಷ ಸಿಕ್ಕಸಿಕ್ಕವರಿಗೆಲ್ಲ ಆ ಕಥೆಯನ್ನು ಹಾಗೇ ಹೇಳಿಕೊಂಡು ಬಂದೆ.

ಮೊನ್ನೆ ಹೊಸ ಪುಸ್ತಕದ ಕೊನೆಯ ಪುಟ ತೆಗೆದರೆ ಹೆಂಗಸೂ ಇಲ್ಲ, ಮಣ್ಣೂ ಇಲ್ಲ. ಗಡಿಯಾರ ಅಂಗಿಯನ್ನು ನುಂಗಿ ತೇಗುತ್ತದೆ, ಅಷ್ಟೇ.

ಟೀವಿ ನೋಡುತ್ತಿದ್ದ ಅತ್ತೆಯ ಮುಂದೆ ಪುಟ ಹಿಡಿದೆ. “ಎಲ್ಲತ್ತೆ, ಆ ಹೆಂಗಸು?”

ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು.

“ಇದನ್ನ ಅವತ್ತು ಹೆಂಗಮ್ಮ ಹೇಳ್ಲಿ? ನೀನು ಹೊರಟೇಬಿಡ್ತಿದ್ದೆಯಲ್ಲ.”