ಅಧಿವೇಶನ ಮುಗೀಲಿ
ಅಡುಗೆ ಅನಿಲದ ಸರದಿ ಪಟ್ಟಿ ಬರೆಯುವ ಗುಮಾಸ್ತ ಗಿರಿಧರ ಕಲ್ಲೆದೆಯವನು. ಎಣ್ಣೆ ಬೇಳೆ ತುಟ್ಟಿಯಾಗಲಿ, ಸಿಲಿಂಡರಿಗೆ ಜನ ತಿಂಗಳುಗಟ್ಟಲೆ ಕಾಯಲಿ, ನಾಗಪುರದ ಅಧಿವೇಶನದಲ್ಲಿ ಶಾಸಕರು ಮಸೂದೆ ಬಿಟ್ಟು ಮೈಕು ಕೀಳಲಿ, ಅವನು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಾ ಹೇಳುವುದು ಒಂದೇ: “ಅಧಿವೇಶನ ಮುಗೀಲಿ.” ಮೊನ್ನೆ ನಾಗಪುರದ ಪಕ್ಕದ ಹಿಂಗಣಾದಿಂದ ಬಂದ, ಮೂಲತಃ ಹುಬ್ಬಳ್ಳಿ ಕಡೆಯ ಯಲ್ಲಮ್ಮ ಸಿಡಿದಳು: “ಮನ್ಯಾಗ ಬಾಣಂತಿ ಮಗಳದಾಳ್ರಿ ಸಾಹೇಬ್ರ. ಅವ್ರ ಗದ್ದಲದಾಗ ನೀರು ಕಾಯ್ತಾವೇನು?” “ಯಾರರೆ ತಮ್ಮ ಸರದಿ ಬಿಟ್ಟುಕೊಟ್ರಷ್ಟ ನಿಮ್ಮ ಹೆಸರು ಹತ್ತತೈತಿ. ಕಾಯ್ದೆ ಅಂದ್ರ ಕಾಯ್ದೆ!” ಎಂದು ಗಿರಿಧರ ಗದರಿದ. ಸಾಲಿನಲ್ಲಿ ಯಾರೂ ಬಿಡಲಿಲ್ಲ, ಯಾಕೆ ಬಿಡಬೇಕು? ಸರ್ಕಾರದ ಕೈಲಾಗದ್ದನ್ನು ಬಡವರು ಬಡವರಿಗೆ ದಾನ ಮಾಡಬೇಕೆ? ಗಿರಿಧರ ಬಿಸ್ಕತ್ತು ಕೆಳಗಿಟ್ಟ. ನಾಳೆಯ ಪಟ್ಟಿಯಲ್ಲಿದ್ದ ತನ್ನದೇ ಹೆಸರಿಗೆ ಗೀಟೆಳೆದು, ಪಕ್ಕದಲ್ಲಿ ಅವಳ ಹೆಸರು ಬರೆದು, ಎಂದಿನಂತೆ ಮುಂದಿನವರನ್ನು ಗದರಿಸಿ ಕರೆದ.